ಗಣಕದ ಗೃಹಪ್ರವೇಶ

ಬಾಡಿಗೆಯ ಮನೆಗಳಲ್ಲಿ ಬಾಳಿದವರಿಗೆಲ್ಲ ಒಂದು ಅನುಭವ ಇದ್ದೇ ಇರುತ್ತದೆ. ಹೊಸ ಮನೆಗೆ ಬಂದ ಮೊದಲ ವಾರ, ನಡುರಾತ್ರಿ ಬಾಯಾರಿಕೆಯಾಗಿ ಎದ್ದರೆ, ಕೈ ತಾನಾಗಿಯೇ ಹಳೆಯ ಮನೆಯಲ್ಲಿ ದೀಪದ ಗುಂಡಿ ಇದ್ದ ಕಡೆಗೆ ಚಾಚುತ್ತದೆ. ಅಲ್ಲಿ ಸಿಗುವುದು ಬರಿಯ ಗೋಡೆ. ಅಡುಗೆಮನೆಯ ಕಡೆಗೆಂದು ಹೆಜ್ಜೆಯಿಟ್ಟರೆ ಹಣೆ ಬಾಗಿಲಿಗೆ ತಾಗುತ್ತದೆ. ಸಾಮಾನುಗಳೆಲ್ಲ ಹೊಸ ಮನೆಗೆ ಬಂದಿದ್ದರೂ ಕೈಕಾಲುಗಳು ಮಾತ್ರ ಇನ್ನೂ ಹಳೆಯ ಮನೆಯಲ್ಲಿಯೇ ವಾಸವಾಗಿರುತ್ತವೆ. ಉಪಾಧ್ಯಾಯನಾಗಿದ್ದ ನಾನು ವರ್ಗಾವಣೆಯ ದೆಸೆಯಿಂದ ಏಳು ಮನೆಗಳನ್ನು ಬದಲಾಯಿಸಿದವನು. ಎಂಟನೆಯದು ಸ್ವಂತ ಮನೆ; ಇನ್ನು ಈ ಪೀಡೆ ತೀರಿತೆಂದು ನೆಮ್ಮದಿಯಿಂದಿದ್ದೆ. ಆದರೆ 2025ರ ಕೊನೆಯಲ್ಲಿ, ನನ್ನ ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಕುಳಿತ ಕುರ್ಚಿಯಿಂದ ಏಳದೆಯೇ ಮತ್ತೊಮ್ಮೆ ಮನೆ ಬದಲಾಯಿಸಬೇಕಾಗಿ ಬಂದಿತು. ಈ ಸಲ ಬದಲಾದದ್ದು ನನ್ನ ಗಣಕಯಂತ್ರದ ಒಳಮನೆ.

ಗಣಕಯಂತ್ರವೆಂದರೆ ನಮ್ಮ ಕಣ್ಣಿಗೆ ಕಾಣುವುದು ಒಂದು ಪರದೆ, ಒಂದು ಕೀಲಿಮಣೆ, ಬಾಲವಿರುವ ಒಂದು ಮೌಸ್. ಒಳಗೆ ನಡೆಯುವ ವ್ಯವಹಾರವೇ ಬೇರೆ. ಯಾವ ಕಡತ ಎಲ್ಲಿರಬೇಕು, ಯಾವ ಕೆಲಸಕ್ಕೆ ಎಷ್ಟು ಸ್ಥಳ ಕೊಡಬೇಕು, ಒತ್ತಿದ ಕೀಲಿ ಯಾರಿಗೆ ತಲುಪಬೇಕು, ಮುದ್ರಣಯಂತ್ರದ ಬಳಿ ಯಾರು ಮೊದಲು ಹೋಗಬೇಕು, ಇವನ್ನೆಲ್ಲ ನಿರ್ಧರಿಸುವ ಒಬ್ಬ ಪಾರುಪತ್ತೇಗಾರ ಅಲ್ಲಿರಬೇಕು. ದೊಡ್ಡ ದೇವಸ್ಥಾನದ ಜಾತ್ರೆಯಲ್ಲಿ ರಥದ ಹಗ್ಗದಿಂದ ಹಿಡಿದು ಊಟದ ಎಲೆಯವರೆಗೆ ಎಲ್ಲವನ್ನೂ ನೋಡಿಕೊಳ್ಳುವವನು ಅವನೇ ಅಲ್ಲವೇ? ಗಣಕದಲ್ಲಿ ಆ ಕೆಲಸವನ್ನು ಮಾಡುವ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್, ಎಂದರೆ ಕಾರ್ಯನಿರ್ವಹಣಾ ವ್ಯವಸ್ಥೆ ಎಂದು ಹೆಸರು. ಪಾರುಪತ್ತೇಗಾರ ಬದಲಾದರೆ ದೇವರು ಬದಲಾಗುವುದಿಲ್ಲ. ಆದರೆ ತೀರ್ಥಪ್ರಸಾದ ದೊರೆಯುವ ಬಾಗಿಲು ಬದಲಾಗುತ್ತದೆ. ಭಕ್ತನು ಪರದಾಡುವುದು ಅಲ್ಲಿಯೇ.

ನನ್ನ ಗಣಕದಲ್ಲಿ ಇದ್ದುದು ವಿಂಡೋಸ್ 10 ಎಂಬ ವ್ಯವಸ್ಥೆ. 2015ರಲ್ಲಿ ಬಳಕೆಗೆ ಬಂದ ಅದರ ಸಾಮಾನ್ಯ ಪೋಷಣೆ 2025ರ ಅಕ್ಟೋಬರ್ 14ರಂದು ಮುಗಿಯಿತು. ಪೋಷಣೆ ಮುಗಿಯಿತೆಂದ ಮಾತ್ರಕ್ಕೆ ಯಂತ್ರ ನಿಂತುಹೋಗುವುದಿಲ್ಲ. ಆದರೆ ಕಳ್ಳರು ಹೊಸ ಹೊಸ ಕಿಂಡಿಗಳನ್ನು ಕಂಡುಹಿಡಿದಾಗ ಅವನ್ನು ಮುಚ್ಚಿಕೊಡುವವರು ಇರುವುದಿಲ್ಲ. ಮುಂದಿನದಾದ ವಿಂಡೋಸ್ 11ಕ್ಕೆ ಹೋಗೋಣವೆಂದರೆ, ಅದು ಕೇಳುವ ರಕ್ಷಣೆಯ ಚಿಪ್ ನನ್ನ ಹಳೆಯ ಯಂತ್ರದಲ್ಲಿರಲಿಲ್ಲ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಎಸೆಯಲು ನನಗೆ ಮನಸ್ಸು ಬರಲಿಲ್ಲ. ಆಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮೊಮ್ಮಗಳು, “ತಾತ, ಲಿನಕ್ಸ್ ಹಾಕಿಬಿಡೋಣ. ದುಡ್ಡು ಕೊಡಬೇಕಾಗಿಲ್ಲ, ಹಳೆಯ ಯಂತ್ರದಲ್ಲಿಯೂ ಓಡುತ್ತದೆ” ಎಂದಳು.

ಲಿನಕ್ಸಿನ ಕಥೆಯನ್ನು ಅವಳೇ ನನಗೆ ಹೇಳಿದಳು. 1991ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ ಇಪ್ಪತ್ತೊಂದು ವರ್ಷದ ತರುಣ ಹವ್ಯಾಸಕ್ಕೆಂದು ಅದರ ತಿರುಳನ್ನು ಬರೆಯತೊಡಗಿದ. ಬರೆದದ್ದನ್ನು ಬಚ್ಚಿಡದೆ ಎಲ್ಲರ ಮುಂದೆ ಇಟ್ಟ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಲೋಕದ ನಾನಾ ಮೂಲೆಗಳಿಂದ ಸಾವಿರಾರು ಮಂದಿ ಕೈಜೋಡಿಸಿದರು. ಈ ಕಥೆ ಕೇಳಿ ನನ್ನ ಮನಸ್ಸು ಒಲಿಯಿತು. ಒಂದು ಭಾನುವಾರ ಮಧ್ಯಾಹ್ನ, ಹಳೆಯ ಕಡತಗಳನ್ನೆಲ್ಲ ಬೇರೆ ಡಿಸ್ಕಿನಲ್ಲಿ ಕಾಪಿಟ್ಟು, ಗಣಕದ ಗೃಹಪ್ರವೇಶವನ್ನು ನಡೆಸಿದೆವು. ಮನಸ್ಸು ಒಲಿದರೆ ಸಾಲದು, ಕೈಯೂ ಒಲಿಯಬೇಕೆಂಬುದು ತಿಳಿದದ್ದು ಸೋಮವಾರ ಬೆಳಗ್ಗೆ.

ಮೊಮ್ಮಗಳು ಶಾಲೆಗೆ ಹೋಗಿದ್ದಳು. ನಾನು ಒಬ್ಬನೇ ಗಣಕದ ಮುಂದೆ ಕುಳಿತೆ. ಹೊಸ ಲೇಖನಿ ಕೈಗೆ ಬಂದಾಗ ಕೆಲವರು ‘ಶ್ರೀ’ ಎಂದು ಬರೆದು ನೋಡುತ್ತಾರೆ. ನಾನು ‘ಅಮ್ಮ’ ಎಂದು ಬರೆಯುತ್ತೇನೆ. ಅಕ್ಷರ ಕಲಿತ ದಿನದಿಂದ ಬಂದ ರೂಢಿ ಅದು. ಅದನ್ನೇ ಹೊಡೆದೆ. ಪರದೆಯ ಮೇಲೆ ‘ಸಿಸ’ ಎಂದು ಮೂಡಿತು! ಅದರ ಎಡಕ್ಕೆ ವ್ಯಂಜನದ ಆಸರೆಯಿಲ್ಲದ ಒಂದು ಓತ್ವ ಅನಾಥವಾಗಿ ನಿಂತಿತ್ತು. ಮತ್ತೆ ಹೊಡೆದೆ. ಮತ್ತೆ ‘ಸಿಸ’. ಕಾರಣ ತಿಳಿದದ್ದು ಸಂಜೆಗೆ. ನನ್ನ ಬೆರಳುಗಳು ಕಲಿತಿದ್ದುದು ಕೆ. ಪಿ. ರಾವ್ ಅವರು ರೂಪಿಸಿದ, ನಮ್ಮ ರಾಜ್ಯದಲ್ಲಿ ರೂಢಿಯಲ್ಲಿರುವ ಕೀಲಿಮಣೆಯ ವಿನ್ಯಾಸವನ್ನು. ಅದರಲ್ಲಿ ಇಂಗ್ಲಿಷಿನ ಎಮ್ ಒತ್ತಿದರೆ ‘ಮ’, ಎಫ್ ಒತ್ತಿದರೆ ಒತ್ತಕ್ಷರಕ್ಕೆ ಬೇಕಾದ ಅರ್ಧಾಕ್ಷರ. ಹೊಸ ವ್ಯವಸ್ಥೆ ತಾನಾಗಿ ಮುಂದೊಡ್ಡಿದ್ದುದು ಇನ್‌ಸ್ಕ್ರಿಪ್ಟ್ ಎಂಬ ಅಖಿಲ ಭಾರತ ವಿನ್ಯಾಸವನ್ನು. ಭಾರತದ ಲಿಪಿಗಳಲ್ಲೆಲ್ಲ ಒಂದು ಧ್ವನಿಗೆ ಒಂದೇ ಸ್ಥಾನವಿರಲಿ ಎಂಬ ಒಳ್ಳೆಯ ಉದ್ದೇಶ ಅದರದು. ಆದರೆ ಅಲ್ಲಿ ಎಮ್ ಎಂದರೆ ‘ಸ’, ಎಫ್ ಎಂದರೆ ಗುಡಿಸು. ಎರಡೂ ಸರಿಯೇ. ತಪ್ಪಿದ್ದುದು ನನ್ನ ಬೆರಳುಗಳಿಗೂ ಅದಕ್ಕೂ ಪರಿಚಯವಿಲ್ಲದಿದ್ದುದರಲ್ಲಿ. ನನ್ನ ವಿನ್ಯಾಸವೂ ಅದೇ ಪಟ್ಟಿಯಲ್ಲಿ ಕೆಳಗೆ ಸದ್ದಿಲ್ಲದೆ ಕುಳಿತಿತ್ತು, ನಾನು ನೋಡಿರಲಿಲ್ಲ.

ಮರುದಿನ ಇನ್ನೊಂದು ಸಂಕಟ. ಹಳೆಯ ವ್ಯವಸ್ಥೆಯಲ್ಲಿ ನನ್ನ ಸಂಗ್ರಹಕ್ಕೆ ಸಿ, ಡಿ ಎಂಬ ಎರಡು ಕೋಣೆಗಳಿದ್ದುವು. ಎ ಮತ್ತು ಬಿ ಎಂಬ ಹೆಸರುಗಳು ಒಂದು ಕಾಲದಲ್ಲಿ ಫ್ಲಾಪಿಗಳಿಗೆ ಮೀಸಲಾಗಿದ್ದುದರಿಂದ ಎಣಿಕೆ ಸಿ ಇಂದ ಆರಂಭವಾಗುತ್ತಿತ್ತು. ಇಲ್ಲಿ ನೋಡಿದರೆ ಸಿ ಇಲ್ಲ, ಡಿ ಇಲ್ಲ. ಎಲ್ಲವೂ ಒಂದೇ ತಾಯಿಬೇರಿನಿಂದ ಕವಲೊಡೆದ ಮರ. ದಾರಿ ತೋರಿಸುವ ಓರೆಗೆರೆಯೂ ಅಲ್ಲಿ ಹಿಂದಕ್ಕೆ ವಾಲಿದ್ದರೆ ಇಲ್ಲಿ ಮುಂದಕ್ಕೆ ವಾಲಿದೆ. ಇನ್ನು ಹೆಸರುಗಳ ವಿಷಯ. ‘ಪಾಠ’ ಎಂಬ ಹೆಸರನ್ನು ಇಂಗ್ಲಿಷಿನ ದೊಡ್ಡ ಪಿ ಇಂದ ಬರೆದರೂ ಸಣ್ಣ ಪಿ ಇಂದ ಬರೆದರೂ ಹಳೆಯ ಪಾರುಪತ್ತೇಗಾರ ಒಂದೇ ಎಂದು ತಿಳಿಯುತ್ತಿದ್ದ. ಹೊಸಬನಿಗೆ ಅವೆರಡೂ ಬೇರೆ ಬೇರೆ ಕಡತಗಳು. ನಾನು ಎರಡು ದಿನ ಒಂದನ್ನು ತಿದ್ದಿ, ಇನ್ನೊಂದನ್ನು ತೆರೆದು, ನನ್ನ ತಿದ್ದುಪಡಿಗಳನ್ನೆಲ್ಲ ಯಾರು ನುಂಗಿದರೆಂದು ಹುಡುಕಿದೆ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಗುಪ್ತಪದ. ಮುದ್ರಣಯಂತ್ರವನ್ನು ಜೋಡಿಸುವುದಕ್ಕಾಗಿ ಒಂದು ಕಪ್ಪು ಕಿಟಕಿಯನ್ನು ತೆರೆದು ಇಂತಿಂಥ ಆಜ್ಞೆಯನ್ನು ಬರೆಯಬೇಕೆಂದು ಮೊಮ್ಮಗಳು ಚೀಟಿಯಲ್ಲಿ ಬರೆದಿಟ್ಟಿದ್ದಳು. ಬರೆದೆ. ಗುಪ್ತಪದವನ್ನು ಕೇಳಿತು. ಹೊಡೆದೆ. ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಕೀಲಿಮಣೆ ಕೆಟ್ಟಿತೆಂದು ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸಿದೆ. ಕೀಲಿಗಳನ್ನು ಗಟ್ಟಿಯಾಗಿ ಒತ್ತಿದೆ. ಕಿವುಡರ ಮುಂದೆ ಕೂಗಿದಂತಾಯಿತೇ ಹೊರತು ಬೇರೆ ಫಲವಿಲ್ಲ. ಸಂಜೆ ಮೊಮ್ಮಗಳು ಬಂದು ನಕ್ಕಳು. “ಅದು ಕಾಣಿಸುವುದಿಲ್ಲ ತಾತ. ಪಕ್ಕದಲ್ಲಿರುವವರಿಗೆ ಎಷ್ಟು ಅಕ್ಷರ ಎಂಬುದೂ ತಿಳಿಯಬಾರದು ಅಂತ ಹಾಗೆ. ನೀವು ಸುಮ್ಮನೆ ಹೊಡೆದು ಎಂಟರ್ ಒತ್ತಿ.” ನಾನು ಸಿಡುಕಿದೆ. “ಇದನ್ನು ಮೊದಲೇ ಹೇಳಬಾರದಿತ್ತೇ? ಹಳೆಯದರಲ್ಲಿ ಎಲ್ಲವೂ ಎಷ್ಟು ಸರಳವಾಗಿತ್ತು!” ಅವಳು ಮತ್ತೆ ನಕ್ಕಳು. “ಹಳೆಯದು ಸರಳವಾಗಿರಲಿಲ್ಲ ತಾತ. ನಿಮಗೆ ಅಭ್ಯಾಸವಾಗಿತ್ತು, ಅಷ್ಟೆ.”

ಆ ನಗು ನನ್ನನ್ನು ಅರುವತ್ತೆಂಟು ವರ್ಷ ಹಿಂದಕ್ಕೆ ಒಯ್ದಿತು. 1957ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ದಶಮಾಂಶ ನಾಣ್ಯಗಳು ಬಂದುವು. ಅಲ್ಲಿಯವರೆಗೆ ರೂಪಾಯಿಗೆ ಹದಿನಾರಾಣೆ; ಅಂದಿನಿಂದ ನೂರು ನಯಾಪೈಸೆ. ಆಗ ನನಗೆ ಒಂಬತ್ತು ವರ್ಷ. ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟಿದ್ದರು: ಒಂದಾಣೆಗೆ 6 ಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಓಡಿ ಬಂದು ಅಮ್ಮನಿಗೆ ಒಪ್ಪಿಸಿದೆ. ಶಾಲೆಯ ಮೆಟ್ಟಿಲು ಹತ್ತದಿದ್ದರೂ ಮನೆಯ ಖರ್ಚನ್ನೆಲ್ಲ ಬಾಯಿಲೆಕ್ಕದಲ್ಲಿಯೇ ಇಡುತ್ತಿದ್ದ ಅಮ್ಮ ಒಂದು ಕ್ಷಣ ಯೋಚಿಸಿ, “ನಾಲ್ಕು ಒಂದಾಣೆಗಳನ್ನು ಬಿಡಿಬಿಡಿಯಾಗಿ ಕೊಟ್ಟರೆ ಇಪ್ಪತ್ತನಾಲ್ಕು, ಒಟ್ಟಿಗೆ ಕೊಟ್ಟರೆ ಇಪ್ಪತ್ತೈದು. ಆ ಒಂದು ಪೈಸೆ ಎಲ್ಲಿಗೆ ಹೋಯಿತೋ?” ಎಂದು ಕೇಳಿದಳು. ನನಗೆ ಉತ್ತರ ತಿಳಿಯಲಿಲ್ಲ; ನಕ್ಕುಬಿಟ್ಟೆ. ಆಮೇಲೆ ಎಷ್ಟೋ ತಿಂಗಳು ಅವಳು ಸಂತೆಯಲ್ಲಿ ಪೈಸೆಗಳನ್ನು ಎಣಿಸುತ್ತ ತಡವರಿಸಿದಾಗಲೆಲ್ಲ ನಾನು ಮುಂದೆ ನುಗ್ಗಿ ಲೆಕ್ಕ ಹೇಳುತ್ತಿದ್ದೆ. ನನಗದು ಜಾಣತನವಾಗಿ ಕಂಡಿತ್ತು. ಅವಳು ದಡ್ಡಳಾಗಿರಲಿಲ್ಲ, ಬೆರಳ ತುದಿಯಲ್ಲಿದ್ದ ಒಂದು ಲೋಕವನ್ನು ಕಳೆದುಕೊಂಡಿದ್ದಳು. ಅದು ನನಗೆ ಅರ್ಥವಾಗಲು ನನ್ನ ಬೆರಳುಗಳೂ ಹಾಗೆಯೇ ತಡವರಿಸಬೇಕಾಯಿತು.

ಈ ಸಣ್ಣ ಕಷ್ಟಗಳೆಲ್ಲ ಎರಡು ವಾರಗಳಲ್ಲಿ ಹಗುರವಾದುವು. ಬೆರಳುಗಳು ಕಲಿತುವು. ಆಗ ನಾನು, ಹೊಸ ಮನೆಯಲ್ಲಿ ಗಂಟುಮೂಟೆಗಳನ್ನು ಒಂದೊಂದಾಗಿ ಬಿಚ್ಚಿ ನೋಡುವಂತೆ, ಕಾಪಿಟ್ಟ ಹಳೆಯ ಕಡತಗಳನ್ನು ತೆರೆದು ನೋಡತೊಡಗಿದೆ. ಅವುಗಳಲ್ಲಿ ‘ಅಮ್ಮನ ಮಾತು’ ಎಂಬುದೊಂದಿತ್ತು. ನನ್ನ ತಾಯಿ ತನ್ನ ಕೊನೆಯ ಮೂರು ವರ್ಷಗಳನ್ನು ನನ್ನೊಡನೆ ಕಳೆದಳು. 2007ರಲ್ಲಿ ತೀರಿಕೊಂಡಳು. ಆ ಮೂರು ವರ್ಷಗಳಲ್ಲಿ, ಸಂಜೆಯ ಹೊತ್ತು, ಅವಳು ಆಡುತ್ತಿದ್ದ ಹಳ್ಳಿಯ ಪದಗಳನ್ನು ಕೇಳಿ ಕೇಳಿ ಗಣಕದಲ್ಲಿ ಬರೆದಿಟ್ಟಿದ್ದೆ. ಧಾನ್ಯ ಅಳೆಯುವ ಪಾವು, ಅಚ್ಚೇರು, ಬಳ್ಳ, ಕೊಳಗ. ರಾಗಿಯನ್ನು ನೆಲದೊಳಗೆ ತುಂಬಿಡುವ ಹಗೇವು. ಕಾಳು ಕೇರುವ ಮೊರ, ಜಾಲಿಸುವ ಜರಡಿ, ಗೊಬ್ಬರ ಹೊರುವ ಮಂಕರಿ. ಹೀಗೆ ಸುಮಾರು ಆರುನೂರು ಪದಗಳು. ಬರೆಯುವಾಗ ಇದ್ದ ಉತ್ಸಾಹ ಅವಳು ಹೋದ ಮೇಲೆ ಉಳಿಯಲಿಲ್ಲ. ಹದಿನೆಂಟು ವರ್ಷ ಆ ಕಡತವನ್ನು ತೆರೆದು ನೋಡಿರಲಿಲ್ಲ. ಒಂದು ಯಂತ್ರದಿಂದ ಇನ್ನೊಂದಕ್ಕೆ ನಕಲು ಮಾಡುತ್ತ ಬಂದಿದ್ದೆ, ಅಷ್ಟೆ.

ತೆರೆದೆ. ಒಂದು ಕನ್ನಡದ ಅಕ್ಷರವೂ ಇಲ್ಲ! ‘ಕನ್ನಡ’ ಎಂಬ ಮೂರಕ್ಷರವಿರಬೇಕಾದ ಕಡೆಯಲ್ಲಿ ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನ್ ಬರಹದಲ್ಲಿ ಕಾಣುವ ಒಂದು ಅಕ್ಷರ, ಸಣ್ಣ ಕ್ಯು, ಮತ್ತೂ ಅದೇ ಎ. ಪುಟಪುಟವೂ ಹೀಗೆಯೇ. ನನ್ನ ತಾಯಿಯ ಮಾತೆಲ್ಲ ಯಾರಿಗೂ ಅರ್ಥವಾಗದ ಗುರುತುಗಳ ರಾಶಿಯಾಗಿ ಬಿದ್ದಿತ್ತು. ಗಂಟಲು ಕಟ್ಟಿದಂತಾಯಿತು. ಈ ಬದಲಾವಣೆಗೆ ಒಪ್ಪಿದ ಗಳಿಗೆಯನ್ನೇ ಶಪಿಸಿಕೊಂಡೆ. ಮೊಮ್ಮಗಳನ್ನು ಕರೆದು, “ನೋಡು, ನಿನ್ನ ಮುತ್ತಜ್ಜಿಯ ಮಾತು ಹಾಳಾಯಿತು” ಎಂದೆ. ಅವಳು ಈ ಸಲ ನಗಲಿಲ್ಲ. ಬಹಳ ಹೊತ್ತು ಪರದೆಯನ್ನು ನೋಡಿ, “ಹಾಳಾಗಿಲ್ಲ ತಾತ. ವೇಷ ಕಳಚಿದೆ” ಎಂದಳು.

ಅವಳ ಮಾತಿನ ಅರ್ಥವನ್ನು ವಿವರಿಸಬೇಕು. ಗಣಕಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯೆಂದು ಮೊದಲೇ ಒಪ್ಪಂದವಾಗಿರಬೇಕು. ಇಂಗ್ಲಿಷಿನ ದೊಡ್ಡ ಪಿ ಎಂದರೆ 80. ಹಿಂದಿನ ಗಣಕಗಳಲ್ಲಿ ಇಂತಹ ಮನೆಗಳಿದ್ದುದು 256 ಮಾತ್ರ. ಅವುಗಳಲ್ಲಿ ಕನ್ನಡಕ್ಕೆ ಒಂದು ಮನೆಯೂ ಇರಲಿಲ್ಲ. ಆದರೂ ಕನ್ನಡದ ಅಭಿಮಾನಿಗಳು ಒಂದು ಉಪಾಯವನ್ನು ಕಂಡುಕೊಂಡರು. ಯಂತ್ರದ ಒಳಗೆ ಪಿ ಎಂಬ ಸಂಖ್ಯೆಯೇ ಇರಲಿ. ಕಣ್ಣಿಗೆ ಮಾತ್ರ ಅದು ‘ಕ’ದ ಒಂದು ಭಾಗವಾಗಿ ಕಾಣಿಸಲಿ ಎಂದು ಅಕ್ಷರಗಳ ಆಕೃತಿಗಳನ್ನೇ ಬದಲಾಯಿಸಿ ಬರೆದರು. ಆ ಉಪಾಯವಿಲ್ಲದಿದ್ದರೆ ನನ್ನಂಥವರು ಆ ಕಾಲದಲ್ಲಿ ಗಣಕದ ಮೇಲೆ ಕನ್ನಡವನ್ನು ಬರೆಯಲು ಆಗುತ್ತಲೇ ಇರಲಿಲ್ಲ. ಆದರೆ ಆ ಆಕೃತಿಗಳ ಪೆಟ್ಟಿಗೆ, ಎಂದರೆ ಫಾಂಟ್, ಹೊಸ ಮನೆಗೆ ಬಂದಿರಲಿಲ್ಲ. ಬಣ್ಣ ತೊಳೆದೊಡನೆ ರಂಗಸ್ಥಳದ ಭೀಮ ನಮ್ಮ ಪಕ್ಕದ ಮನೆಯವನಾಗಿ ಕಾಣುವಂತೆ, ನನ್ನ ‘ಕ’ ತನ್ನ ಒಳಗಿನ ಪಿ ಆಗಿ ನಿಂತಿತ್ತು.

ಕನ್ನಡಕ್ಕೆ ಸ್ವಂತ ಮನೆಗಳು ದೊರೆತದ್ದು ಯೂನಿಕೋಡ್ ಎಂಬ ಒಪ್ಪಂದದಲ್ಲಿ. 1991ರಲ್ಲಿ ಪ್ರಕಟವಾದ ಅದು ಲೋಕದ ಲಿಪಿಗಳಿಗೆಲ್ಲ ಬೇರೆ ಬೇರೆ ಬೀದಿಗಳನ್ನು ಹಾಕಿಕೊಟ್ಟಿದೆ. ನಮ್ಮ ಬೀದಿ 3200ರಿಂದ 3327ರವರೆಗೆ. ‘ಕ’ ಎಂದರೆ 3221; ಅದು ಯಾವ ಯಂತ್ರದಲ್ಲಿಯೂ, ಯಾವ ವ್ಯವಸ್ಥೆಯಲ್ಲಿಯೂ, ಯಾವ ದೇಶದಲ್ಲಿಯೂ ‘ಕ’ವೇ. ವೇಷದ ಪೆಟ್ಟಿಗೆಯನ್ನು ಜೊತೆಯಲ್ಲಿ ಹೊರಬೇಕಾಗಿಲ್ಲ. ಮೊಮ್ಮಗಳು ಮೊದಲು ಹಳೆಯ ಫಾಂಟನ್ನು ಹುಡುಕಿ ತಂದು ಹಾಕಿದಳು. ಕ್ಷಣಾರ್ಧದಲ್ಲಿ ಕನ್ನಡ ಮರಳಿ ಬಂದಿತು. ಆಮೇಲೆ ಅವಳು, “ಇಷ್ಟಕ್ಕೇ ಬಿಟ್ಟರೆ ಮುಂದಿನ ಸಲ ಮತ್ತೆ ಹೀಗೆಯೇ ಆಗುತ್ತದೆ” ಎಂದು ಹೇಳಿ, ಕನ್ನಡಿಗ ತಂತ್ರಜ್ಞರು ಬರೆದು ಉಚಿತವಾಗಿ ಕೊಟ್ಟಿರುವ ಒಂದು ಪರಿವರ್ತಕದಿಂದ ಇಡೀ ಕಡತವನ್ನು ಯೂನಿಕೋಡಿಗೆ ಬದಲಾಯಿಸಿದಳು. ಅಲ್ಲಲ್ಲಿ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿದಿತ್ತು. ಕೆಲವು ಒತ್ತುಗಳು ಉದುರಿದ್ದುವು. ಅವನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತು.

ತಿದ್ದಬೇಕಾದರೆ ಓದಬೇಕು. ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ಆರುನೂರು ಪದಗಳನ್ನೂ ಒಂದೊಂದಾಗಿ ಓದಿದೆ. ಹನ್ನೊಂದು ಪದಗಳ ಮುಂದೆ ಅರ್ಥವಿರಲಿಲ್ಲ. ಪರಿವರ್ತನೆಯಲ್ಲಿ ಅಳಿದುಹೋಯಿತೆಂದು ಭಾವಿಸಿ ಮೂಲ ಕಡತವನ್ನು ನೋಡಿದೆ. ಅಲ್ಲಿಯೂ ಇರಲಿಲ್ಲ. ಇದ್ದುದು ನಾನೇ ಬರೆದಿದ್ದ ಒಂದು ಸಾಲು: ‘ಅಮ್ಮನನ್ನು ಕೇಳಬೇಕು.’ ಅವಳು ಆಗ ಪಕ್ಕದ ಕೋಣೆಯಲ್ಲಿಯೇ ಇದ್ದಳು. ನಾಳೆ ಕೇಳಿದರಾಯಿತು ಎಂದುಕೊಂಡಿದ್ದೆ. ಕೇಳಲಿಲ್ಲ. ಎರಡು ವಾರ ನಾನು ಯಂತ್ರದ ಮೇಲೆ ಹೊರಿಸಿದ ದೂರುಗಳೆಲ್ಲ ಆ ಸಾಲಿನ ಮುಂದೆ ಸಣ್ಣವಾಗಿ ಕಂಡುವು. ಯಂತ್ರ ಕಳೆದುಹಾಕಿದ್ದನ್ನೆಲ್ಲ ಮರಳಿ ಪಡೆಯಲು ಒಂದು ದಿನ ಸಾಕಾಗಿತ್ತು. ನಾನು ಕಳೆದುಹಾಕಿದ್ದಕ್ಕೆ ಪರಿವರ್ತಕವಿರಲಿಲ್ಲ.

ಊರಿನಲ್ಲಿ ನನ್ನ ಚಿಕ್ಕಮ್ಮ ಇದ್ದಾಳೆ. ವಯಸ್ಸು ಎಂಬತ್ತೆಂಟು, ಕಿವಿ ಸ್ವಲ್ಪ ಮಂದ, ನೆನಪು ಚುರುಕು. ಅಂದೇ ಫೋನು ಮಾಡಿ ಹನ್ನೊಂದು ಪದಗಳನ್ನೂ ಕೇಳಿದೆ. “‘ಗೊಟ್ಟ’ ಅಂದರೆ ಏನು ಚಿಕ್ಕಮ್ಮ?” “ಅಷ್ಟೂ ಗೊತ್ತಿಲ್ಲವೇನೋ? ಎತ್ತಿಗೆ ಕಷಾಯ ಕುಡಿಸುವ ಬಿದಿರಿನ ಕೊಳವೆ ಕಣೋ. ಮೇಷ್ಟರಾಗಿ ಅದೇನು ಕಲಿಸಿದೆಯೋ!” ಎಂದು ಗದರಿದಳು. ಆ ಗದರಿಕೆಯಲ್ಲಿ ಅಮ್ಮನ ದನಿಯೇ ಇತ್ತು. ಹನ್ನೊಂದರಲ್ಲಿ ಏಳು ಪದಗಳಿಗೆ ಅವಳಿಂದ ಅರ್ಥ ದೊರೆಯಿತು. ಉಳಿದ ನಾಲ್ಕು ಅವಳಿಗೂ ತಿಳಿಯವು. ಅವು ಅಮ್ಮನೊಡನೆಯೇ ಹೋದುವು.

ಈಗ ನನ್ನ ಕೈ ಹೊಸ ಮನೆಗೆ ಒಗ್ಗಿದೆ. ಮೊನ್ನೆ ಸ್ನೇಹಿತರೊಬ್ಬರ ಮನೆಯಲ್ಲಿ ಅವರ ಗಣಕದ ಮುಂದೆ ಕುಳಿತಾಗ, ಹತ್ತಾರು ವರ್ಷ ಬಳಸಿದ ಹಳೆಯ ವ್ಯವಸ್ಥೆಯಲ್ಲಿಯೇ ದಾರಿ ತಪ್ಪಿ ತಡವರಿಸಿದೆ. ಅಭ್ಯಾಸವೆಂಬುದು ಯಾವ ಮನೆಗೂ ನಿಷ್ಠವಲ್ಲ. ವ್ಯವಸ್ಥೆಗಳು ಇನ್ನೂ ಬದಲಾಗುತ್ತವೆ. ಇದನ್ನು ಓದುತ್ತಿರುವ ನೀವು ನಿಮ್ಮ ಜೀವಮಾನದಲ್ಲಿ ನನಗಿಂತ ಹೆಚ್ಚು ಸಲ ಇಂಥ ಮನೆಗಳನ್ನು ಬದಲಾಯಿಸುವಿರಿ. ಬೆರಳು ತಡವರಿಸಿದರೆ ಅಂಜಬೇಡಿ, ಅವು ಕಲಿಯುತ್ತವೆ. ನೀವು ಬರೆದಿಟ್ಟದ್ದನ್ನು ಎಲ್ಲ ಯಂತ್ರಗಳೂ ಓದಬಲ್ಲ ರೂಪದಲ್ಲಿ ಇಡಿ. ವರ್ಷಕ್ಕೊಮ್ಮೆಯಾದರೂ ತೆರೆದು ಓದಿ. ಕೇಳಬೇಕಾದವರು ಪಕ್ಕದ ಕೋಣೆಯಲ್ಲಿದ್ದರೆ ಇಂದೇ ಹೋಗಿ ಕೇಳಿ.

‘ಅಮ್ಮನ ಮಾತು’ ಈಗ ಯೂನಿಕೋಡಿನಲ್ಲಿದೆ. ಅದರ ಒಂದು ಪ್ರತಿ ಮೊಮ್ಮಗಳ ಬಳಿಯಲ್ಲಿದೆ. ಇನ್ನೊಂದನ್ನು ಕಾಗದದ ಮೇಲೆ ಮುದ್ರಿಸಿ ಚಿಕ್ಕಮ್ಮನಿಗೆ ಕಳುಹಿಸಿದ್ದೇನೆ. ಆ ನಾಲ್ಕು ಪದಗಳ ಮುಂದೆ ‘ಅಮ್ಮನನ್ನು ಕೇಳಬೇಕು’ ಎಂಬ ಸಾಲನ್ನು ಮಾತ್ರ ನಾನು ಅಳಿಸಿಲ್ಲ.